ಯಾವ ತಾಟೆ, ಯಾವ ತೊರಕೆ?

ಪ್ರಶ್ನೆ: ಕಳೆದ ರಜೆಯಲ್ಲಿ ಮಲ್ಪೆ ಬಂದರಿಗೆ ಹೋಗಿದ್ದೆವು. ಬೆಳಗಿನ ಏಲಂ ನಡೆಯುತ್ತಿದ್ದಾಗ ಇಬ್ಬರು ಯುವತಿಯರು ತಾಟೆ (ಶಾರ್ಕ್), ತೊರಕೆ (ರೇ ಮೀನು)ಗಳ ರಾಶಿಯ ಮುಂದೆ ಕುಳಿತು ಒಂದೊಂದನ್ನೂ ಮಗುಚಿ ಹಾಕಿ ಅಳೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, ಏನೇನೋ ಬರೆದುಕೊಳ್ಳುತ್ತಿದ್ದರು. ವಿಚಾರಿಸಿದರೆ, ಯಾವ ಪ್ರಭೇದ ಎಂದು ಗುರುತಿಸುತ್ತಿದ್ದೇವೆ ಅಂದರು. ಮೀನು ಹೇಗೂ ಸತ್ತಿದೆ, ಮಾರಾಟವೂ ಆಗುತ್ತಿದೆ. ಇಷ್ಟು ಕಿಲೋ ತಾಟೆ ಬಂತು ಎಂದು ಬರೆದಿಟ್ಟರೆ ಸಾಲದೇ? ಪ್ರಭೇದ ಗೊತ್ತಾದರೆ ಮೀನುಗಾರಿಕೆಗೆ ಏನು ಉಪಯೋಗ? ನೋಡಲು ಎಲ್ಲ ಒಂದೇ ಥರ ಇರುವವನ್ನು ಬೇರೆ ಬೇರೆ ಮಾಡುವುದಾದರೂ ಹೇಗೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ಏಕೆ ಸಾಲದು ಎಂಬುದನ್ನು ನೀವು ಕಂಡ ರಾಶಿಯಿಂದಲೇ ಎರಡು ಮೀನು ಎತ್ತಿಕೊಂಡು ಹೇಳುತ್ತೇನೆ.

ಎರಡೂ ಬೂದು ಬಣ್ಣದವು, ಎರಡೂ ಸುಮಾರು 45 ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಒಂದರ ಮೂತಿ ಸಲಿಕೆಯ ಹಾಗೆ ಅಗಲ, ಚಪ್ಪಟೆ. ಅದು ಸ್ಪೇಡ್‌ನೋಸ್ ಶಾರ್ಕ್, ವೈಜ್ಞಾನಿಕ ಹೆಸರು ಸ್ಕೋಲಿಯೊಡಾನ್ ಲ್ಯಾಟಿಕಾಡಸ್. ನಮ್ಮ ಪಶ್ಚಿಮ ಕರಾವಳಿಯಲ್ಲಿ, ಅದರಲ್ಲೂ ಮಹಾರಾಷ್ಟ್ರ, ಗುಜರಾತ್ ಕಡೆ ಹೇರಳವಾಗಿ ಸಿಗುವ ಪುಟ್ಟ ಶಾರ್ಕ್. ಅದು ಬೆಳೆಯುವುದೇ ಹೆಚ್ಚೆಂದರೆ ಮುಕ್ಕಾಲು ಮೀಟರಿನಷ್ಟು. 35 ಸೆಂಟಿಮೀಟರ್ ಆಗುವ ಹೊತ್ತಿಗೆ, ಅಂದರೆ ಒಂದೆರಡು ವರ್ಷದಲ್ಲೇ, ಮರಿ ಹಾಕಲು ಸಿದ್ಧವಾಗುತ್ತದೆ. ಒಂದು ಸೂಲಿಗೆ ಇಪ್ಪತ್ತರವರೆಗೂ ಮರಿ ಹಾಕುವುದುಂಟು. ಹಾಗಾಗಿ ನಿಮ್ಮ ಕೈಯಲ್ಲಿರುವ 45 ಸೆಂಟಿಮೀಟರಿನದು ಪೂರ್ತಿ ಬೆಳೆದ ಮೀನು. ಹೆಣ್ಣಾಗಿದ್ದರೆ ಆಗಲೇ ಹೆತ್ತಿರಬಹುದು.

ಇನ್ನೊಂದರ ತಲೆ ಸುತ್ತಿಗೆಯಂತೆ ಎರಡೂ ಪಕ್ಕಕ್ಕೆ ಚಾಚಿದೆ. ಅದು ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್. ಮಗುಚಿ ಹಾಕಿ ಎದೆಯ ರೆಕ್ಕೆಗಳ ನಡುವೆ ನೋಡಿದರೆ ಚಿಕ್ಕದೊಂದು ಸೀಳು ಕಾಣುತ್ತದೆ, ಇನ್ನೂ ಪೂರ್ತಿ ಮಾಯದ ಗಾಯ. ಅದು ಹೊಕ್ಕುಳು. ಶಾರ್ಕ್‌ಗಳ ಹಲವು ಜಾತಿಗಳಲ್ಲಿ ಮರಿ ತಾಯಿಯ ಹೊಟ್ಟೆಯಲ್ಲೇ ಹೊಕ್ಕುಳಬಳ್ಳಿಯ ಆಸರೆಯಿಂದ ಬೆಳೆಯುತ್ತದೆ, ಹುಟ್ಟಿದ ಕೆಲವು ವಾರ ಆ ಗುರುತು ಉಳಿದಿರುತ್ತದೆ. ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್ ಹುಟ್ಟುವಾಗಲೇ ಸುಮಾರು ಅರ್ಧ ಮೀಟರ್ ಇರುತ್ತದೆ. ಹಾಗಾದರೆ ಇದು ಹಸುಗೂಸು. ಬದುಕಿದ್ದರೆ ಇದು ಎರಡು ಮೀಟರ್ ದಾಟಿ ಬೆಳೆದು, ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಮೊದಲ ಸಲ ಮರಿ ಹಾಕಬೇಕಿತ್ತು. ಜಗತ್ತಿನಾದ್ಯಂತ ಅಳಿವಿನ ಅಂಚಿಗೆ ಬಂದಿರುವ ಜಾತಿಯಿದು.

ಲೆಕ್ಕದ ಪುಸ್ತಕದಲ್ಲಿ ಇವೆರಡೂ ಒಂದೇ: ತಾಟೆ, ಸಣ್ಣದು, ಇಷ್ಟು ಕಿಲೋ. ಸಮುದ್ರದಲ್ಲಿ ಮಾತ್ರ ಒಂದು ತನ್ನ ಪಾಲಿನ ಮರಿಗಳನ್ನು ಬಿಟ್ಟು ಬಂದಿರುವ ತಾಯಿ, ಇನ್ನೊಂದು ಕಣ್ಣು ಬಿಡುವಷ್ಟರಲ್ಲೇ ಬಲೆಗೆ ಬಿದ್ದ ಕೂಸು. ಹರಿವೆ ಸೊಪ್ಪನ್ನೂ ತೆಂಗಿನ ಸಸಿಯನ್ನೂ ಒಟ್ಟಿಗೆ ಕೊಯ್ದು 'ಹಸಿರು, ಎರಡು ಕಿಲೋ' ಎಂದು ಬರೆದಿಟ್ಟರೆ ಆ ತೋಟದ ಮುಂದಿನ ವರ್ಷದ ಬಗ್ಗೆ ಆ ಲೆಕ್ಕದಿಂದ ಏನು ತಿಳಿಯುತ್ತದೆ?

ಬೂತಾಯಿ, ಬಂಗುಡೆಯ ವಿಷಯದಲ್ಲಿ ಒಟ್ಟು ತೂಕದ ಲೆಕ್ಕಕ್ಕೂ ಸ್ವಲ್ಪ ಅರ್ಥವಿದೆ. ಅವು ಸಾವಿರಾರು ಮೊಟ್ಟೆ ಇಡುತ್ತವೆ. ಒಂದು ವರ್ಷ ಕೈಕೊಟ್ಟರೂ ಮಳೆ, ನೀರಿನ ತಂಪು, ಆಹಾರ ಎಲ್ಲ ಕೂಡಿಬಂದರೆ ಇನ್ನೊಂದು ವರ್ಷ ಬಲೆ ತುಂಬುತ್ತವೆ. ಶಾರ್ಕ್ ಮತ್ತು ತೊರಕೆಗಳು ಆ ಗುಂಪಿನವಲ್ಲ. ಅವು ನಿಧಾನವಾಗಿ ಬೆಳೆಯುತ್ತವೆ, ತಡವಾಗಿ ಪ್ರಾಯಕ್ಕೆ ಬರುತ್ತವೆ, ಎಣಿಸುವಷ್ಟೇ ಮರಿ ಹಾಕುತ್ತವೆ. ದೈತ್ಯ ಮಾಂಟಾ ತೊರಕೆ ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಒಂದು ಮರಿ ಹಾಕುತ್ತದೆ. ತಾಯಿ ಮೀನುಗಳು ಎಷ್ಟು ಉಳಿದಿವೆ ಎಂಬುದರ ಮೇಲೆಯೇ ಮುಂದಿನ ಪೀಳಿಗೆ ನಿಂತಿದೆ. ಇವುಗಳಲ್ಲೇ ಸ್ಪೇಡ್‌ನೋಸಿನಂಥ ಬೇಗ ಬೆಳೆಯುವವೂ ಇವೆ, ಮಾಂಟಾದಂಥವೂ ಇವೆ. ಎಲ್ಲವನ್ನೂ ಕೂಡಿಸಿ ಬರೆದರೆ ಆಗುವ ಅಪಾಯ ಇದು: ದೊಡ್ಡವು ಒಂದೊಂದಾಗಿ ಮರೆಯಾಗುತ್ತ ಹೋದರೂ ಅವುಗಳ ಜಾಗದಲ್ಲಿ ಚಿಕ್ಕವು ಬರುತ್ತಿರುತ್ತವೆ, ಒಟ್ಟು ತೂಕ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಇದು ಬರೀ ಊಹೆಯಲ್ಲ, ಯುರೋಪಿನ ಕಡಲಲ್ಲಿ ಆಗಿಹೋದದ್ದು. ಅಲ್ಲಿ 'ಕಾಮನ್ ಸ್ಕೇಟ್' ಎಂಬ ದೊಡ್ಡ ತೊರಕೆ ಜಾತಿಯ ಮೀನಿತ್ತು, ಹೆಸರೇ ಹೇಳುವಂತೆ ಎಲ್ಲೆಂದರಲ್ಲಿ ಸಿಗುತ್ತಿತ್ತು. 1981ರಲ್ಲಿ ಕೀತ್ ಬ್ರಾಂಡರ್ ಎಂಬ ವಿಜ್ಞಾನಿ ಅದು ಐರಿಶ್ ಸಮುದ್ರದಿಂದ ಕಣ್ಮರೆಯಾಗಿದೆ ಎಂದು ಬರೆದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಎಲ್ಲ ಸ್ಕೇಟ್‌ಗಳನ್ನೂ ಒಟ್ಟು ಮಾಡಿ ಲೆಕ್ಕ ಇಡುತ್ತಿದ್ದುದರಿಂದ ದೊಡ್ಡದು ಕರಗುತ್ತಿರುವುದು ಅಂಕಿಗಳಲ್ಲಿ ಕಾಣಿಸಿಯೇ ಇರಲಿಲ್ಲ. ಕತೆ ಅಲ್ಲಿಗೇ ಮುಗಿಯಲಿಲ್ಲ. 2010ರಲ್ಲಿ ಅಳತೆ, ಮೈಯ ಲಕ್ಷಣ, ಡಿಎನ್‌ಎ ಎಲ್ಲವನ್ನೂ ನೋಡಿದಾಗ ಕಾಮನ್ ಸ್ಕೇಟ್ ಎಂಬುದು ಒಂದು ಪ್ರಭೇದವೇ ಅಲ್ಲ, ಎರಡು ಎಂದು ಗೊತ್ತಾಯಿತು. ಒಂದು ಎರಡು ಮೀಟರಿಗೂ ಮೀರಿ ಬೆಳೆಯುತ್ತದೆ, ಕಣ್ಣು ಗಾಢ ಬಣ್ಣದ್ದು. ಇನ್ನೊಂದು ಒಂದೂವರೆ ಮೀಟರಿನ ಒಳಗೇ ನಿಲ್ಲುತ್ತದೆ, ಕಣ್ಣು ತಿಳಿ ಹಳದಿ. 1926ರಲ್ಲಿ ಒಬ್ಬ ತಜ್ಞರು ಇವೆರಡನ್ನೂ ಒಂದೇ ಎಂದು ತೀರ್ಮಾನಿಸಿದ್ದನ್ನು ಎಂಬತ್ತಕ್ಕೂ ಹೆಚ್ಚು ವರ್ಷ ಎಲ್ಲರೂ ಒಪ್ಪಿಕೊಂಡು ಬಂದಿದ್ದರು. ಹೆಚ್ಚು ಆಪತ್ತಿನಲ್ಲಿದ್ದದ್ದು ದೊಡ್ಡದು. ಅದಕ್ಕೆ ಅಷ್ಟು ವರ್ಷ ಸ್ವಂತ ಹೆಸರೇ ಇರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿನ ಕತೆ ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು, ಏಕೆಂದರೆ ಇಲ್ಲಿ ಹೆಸರಿನ ಗೊಂದಲ ಕಾನೂನಿನೊಳಗೇ ಸೇರಿಕೊಂಡಿತ್ತು.

2001ರ ಜುಲೈಯಲ್ಲಿ ಕೇಂದ್ರ ಸರ್ಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಶಾರ್ಕ್, ತೊರಕೆಗಳ ಇಡೀ ವರ್ಗವನ್ನು ಸೇರಿಸಿತು. ಹುಲಿ, ಆನೆಗಳಿಗೆ ಇರುವ ರಕ್ಷಣೆ ಒಂದೇ ದಿನ ಎಲ್ಲ ತಾಟೆ, ಎಲ್ಲ ತೊರಕೆಗಳಿಗೂ ಸಿಕ್ಕಿತು. ಉದ್ದೇಶ ಒಳ್ಳೆಯದೇ. ಆದರೆ ಟ್ರಾಲ್ ಬೋಟಿನ ಬಲೆಗೆ ತಾಟೆ ಬೀಳದಂತೆ ತಡೆಯುವುದು ಯಾರಿಗೂ ಸಾಧ್ಯವಿಲ್ಲ. ಇವನ್ನೇ ನಂಬಿಕೊಂಡ ಸಾವಿರಾರು ಸಂಸಾರಗಳಿದ್ದವು. ಅವರು ಬೀದಿಗಿಳಿದರು. ಅದೇ ವರ್ಷ ಡಿಸೆಂಬರಿನಲ್ಲಿ ಸರ್ಕಾರ ಆದೇಶ ಬದಲಿಸಿ ನಿಷೇಧವನ್ನು ಹತ್ತು ಪ್ರಭೇದಗಳಿಗೆ ಇಳಿಸಿತು. ತಿಮಿಂಗಿಲ ಶಾರ್ಕ್, ಗರಗಸ ಮೀನುಗಳು, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್, ಮುಳ್ಳುಮೈಯ ತೊರಕೆ ಮುಂತಾದವು ಆ ಪಟ್ಟಿಯಲ್ಲಿದ್ದವು.

ಆ ಹತ್ತರ ಪಟ್ಟಿಯನ್ನು ಇವತ್ತಿನ ತಿಳಿವಳಿಕೆ ಇಟ್ಟುಕೊಂಡು ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅದರಲ್ಲಿ ರಿಂಕೋಬೇಟಸ್ ಜಿಡೆನ್ಸಿಸ್ ಎಂಬ ವೆಜ್‌ಫಿಶ್ ಇದೆ. ಮುಂದೆ ನಡೆದ ಅಧ್ಯಯನಗಳಿಂದ ತಿಳಿದುಬಂದದ್ದು, ಆ ಪ್ರಭೇದ ಕೆಂಪು ಸಮುದ್ರದಿಂದ ದಕ್ಷಿಣ ಆಫ್ರಿಕಾದವರೆಗಿನ ನೀರಿನದು ಎಂದು. ನಮ್ಮ ಬಲೆಗಳಿಗೆ ಬೀಳುವವು ಅದರ ದಾಯಾದಿಗಳಾದ ರಿಂಕೋಬೇಟಸ್ ಆಸ್ಟ್ರೇಲಿಯೇ ಮತ್ತು ರಿಂಕೋಬೇಟಸ್ ಲೇವಿಸ್. ಅಂದರೆ ಕಾನೂನು ಯಾವ ಮೀನನ್ನು ಕಾಯಲು ಹೊರಟಿತ್ತೋ ಅದು ಇಲ್ಲಿಯದಲ್ಲ, ಇಲ್ಲಿರುವ ಮೀನಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಗ್ಲೈಫಿಸ್ ಗ್ಲೈಫಿಸ್ ಎಂಬ ಇನ್ನೊಂದು ಶಾರ್ಕ್ ಆಸ್ಟ್ರೇಲಿಯಾ, ನ್ಯೂಗಿನಿಯ ನದಿಗಳದ್ದು. ಪ್ರಿಸ್ಟಿಸ್ ಮೈಕ್ರೊಡಾನ್ ಎಂಬ ಗರಗಸ ಮೀನಿನ ಹೆಸರು ಈಗ ಪ್ರಿಸ್ಟಿಸ್ ಪ್ರಿಸ್ಟಿಸ್ ಎಂಬುದರೊಳಗೆ ಸೇರಿಹೋಗಿದೆ. ಪಾಂಡಿಚೇರಿ ಶಾರ್ಕ್ ಖಚಿತವಾಗಿ ದಾಖಲಾದದ್ದು ಕೊನೆಯದಾಗಿ 1979ರಲ್ಲಿ. ಪಟ್ಟಿ ಮಾಡಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವತ್ತಿನ ಪುಸ್ತಕಗಳಲ್ಲಿ ಇದ್ದದ್ದೇ ಆ ಹೆಸರುಗಳು. ಆದರೆ ಬಂದರಿನಲ್ಲಿ ಕುಳಿತು ಮೀನು ಮಗುಚಿ ನೋಡುವ ಕೆಲಸ ಮೊದಲೇ ಚೆನ್ನಾಗಿ ನಡೆದಿದ್ದರೆ ವೆಜ್‌ಫಿಶ್‌ಗೆ ಎರಡು ದಶಕ ಮೊದಲೇ ನೆರಳು ಸಿಗುತ್ತಿತ್ತು. 2022ರ ತಿದ್ದುಪಡಿಯಲ್ಲಿ ಕಾಯ್ದೆಯ ಅನುಸೂಚಿಗಳನ್ನು ಹೊಸದಾಗಿ ಬರೆದು ಇನ್ನಷ್ಟು ಪ್ರಭೇದಗಳನ್ನು ಸೇರಿಸಿದರು. ವೆಜ್‌ಫಿಶ್ ಮತ್ತು ದೈತ್ಯ ಗಿಟಾರ್‌ಫಿಶ್‌ಗಳು ಒಟ್ಟು ಹದಿನಾರು ಪ್ರಭೇದ. ಒಂದನ್ನು ಬಿಟ್ಟು ಉಳಿದ ಹದಿನೈದೂ ಜಗತ್ತಿನ ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿವೆ.

ಈ ಪ್ರಸಂಗದಲ್ಲಿ ಮೀನುಗಾರರಿಗೂ ಒಂದು ಲಾಭವಿದೆ, ಅದನ್ನು ಯಾರೂ ಸಾಕಷ್ಟು ಹೇಳುವುದಿಲ್ಲ. ಗುರುತಿಸಲು ಬಾರದ ಕಡೆ ಸರ್ಕಾರದ ಕೈಯಲ್ಲಿ ಉಳಿಯುವುದು ಎರಡೇ ದಾರಿ: ಎಲ್ಲವನ್ನೂ ಬಿಡು, ಇಲ್ಲವೇ ಎಲ್ಲವನ್ನೂ ನಿಲ್ಲಿಸು. 2001ರ ಜುಲೈಯಲ್ಲಿ ಆದದ್ದು ಎರಡನೆಯದು. ಅಂತರರಾಷ್ಟ್ರೀಯ ವ್ಯಾಪಾರದಲ್ಲೂ ಅದೇ ಆಯಿತು. ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದವರು 2013ರಲ್ಲಿ ಬ್ಯಾಂಕಾಕಿನಲ್ಲಿ ಮೂರು ಹ್ಯಾಮರ್‌ಹೆಡ್‌ಗಳನ್ನೂ ಮಾಂಟಾಗಳನ್ನೂ ಪಟ್ಟಿಗೆ ಸೇರಿಸಿದರು. 2016ರಲ್ಲಿ ಸಿಲ್ಕಿ ಶಾರ್ಕ್, ಥ್ರೆಶರ್ ಶಾರ್ಕ್‌ಗಳನ್ನು, 2019ರಲ್ಲಿ ಮಾಕೊ, ವೆಜ್‌ಫಿಶ್‌ಗಳನ್ನು. 2022ರ ನವೆಂಬರಿನಲ್ಲಿ ಪನಾಮದಲ್ಲಿ ಸೇರಿದಾಗ ರೆಕ್ವಿಯಂ ಶಾರ್ಕ್‌ಗಳ ಇಡೀ ಕುಟುಂಬವನ್ನೇ ಸೇರಿಸಿಬಿಟ್ಟರು. ನಿಜವಾಗಿ ಅಪಾಯದಲ್ಲಿದ್ದವು 19 ಪ್ರಭೇದ. ಉಳಿದ 35ನ್ನು ಸೇರಿಸಿದ್ದಕ್ಕೆ ಕಾರಣ, ಅವು ನೋಡಲು ಆ 19ರ ಹಾಗೇ ಇವೆ, ಬಂದರಿನ ಅಧಿಕಾರಿಗೆ ಬೇರೆ ಮಾಡಲು ಆಗುವುದಿಲ್ಲ ಎಂಬುದು. ಹಾಗೆ ಸೇರಿದ್ದರಲ್ಲಿ ನಾವು ಮೊದಲು ಕೈಗೆತ್ತಿಕೊಂಡ ಸ್ಪೇಡ್‌ನೋಸ್ ಕೂಡ ಇದೆ. ಈಗ ಅದನ್ನು ಹೊರದೇಶಕ್ಕೆ ಕಳಿಸಬೇಕಾದರೂ, ಇಷ್ಟು ಹಿಡಿದರೆ ಸಂತತಿಗೆ ಧಕ್ಕೆಯಿಲ್ಲ ಎಂದು ವೈಜ್ಞಾನಿಕ ಸಂಸ್ಥೆ ಬರೆದುಕೊಡಬೇಕು. ಹಾಗೆ ಬರೆಯಲು ಪ್ರಭೇದವಾರು ಅಂಕಿ ಬೇಕು. ಸುತ್ತಿ ಸುತ್ತಿ ಮತ್ತೆ ಆ ಯುವತಿಯರ ನೋಟ್‌ಬುಕ್ಕಿಗೇ ಬರಬೇಕು.

ಇನ್ನು ಹೇಗೆ ಎಂಬ ಪ್ರಶ್ನೆ. ಮೊದಲ ಮೆಟ್ಟಿಲು ಸುಲಭ. ಕಿವಿರಿನ ಸೀಳುಗಳು ತಲೆಯ ಪಕ್ಕದಲ್ಲಿದ್ದರೆ ಶಾರ್ಕ್, ಹೊಟ್ಟೆಯ ಕಡೆ ಅಡಿಯಲ್ಲಿದ್ದರೆ ತೊರಕೆಯ ಬಳಗ. ಮೈ ಉದ್ದವೇ ಅಗಲವೇ ಎಂದು ನೋಡಿ ಹೇಳಲು ಹೋಗಬೇಡಿ. ವೆಜ್‌ಫಿಶ್, ಗಿಟಾರ್‌ಫಿಶ್, ಗರಗಸ ಮೀನು ಮೂರೂ ಮೇಲಿನಿಂದ ಶಾರ್ಕಿನಂತೆಯೇ ಇವೆ. ಮಗುಚಿದರೆ ಕಿವಿರುಗಳೆಲ್ಲ ಅಡಿಯಲ್ಲಿ. ಅದಕ್ಕೇ ಅವರು ಒಂದೊಂದನ್ನೂ ಮಗುಚಿ ಹಾಕುತ್ತಿದ್ದದ್ದು. ಹೊಟ್ಟೆಯ ರೆಕ್ಕೆಗಳ ಒಳ ಅಂಚಿನಲ್ಲಿ ಬೆರಳಿನಂಥ ಎರಡು ಅಂಗಗಳಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಆ ಅಂಗಗಳು ಮೆತ್ತಗೆ ಬಾಗಿದರೆ ಎಳೆಯದು, ಗಟ್ಟಿಯಾಗಿದ್ದರೆ ಪ್ರಾಯಕ್ಕೆ ಬಂದದ್ದು. ಚಾಕು ತೆಗೆಯದೆಯೇ ಇಷ್ಟು ತಿಳಿಯುತ್ತದೆ.

ಕಷ್ಟ ಶುರುವಾಗುವುದು ಸಣ್ಣ ಬೂದು ಶಾರ್ಕ್‌ಗಳ ಬುಟ್ಟಿಯಲ್ಲಿ. ಬಾಣಂತಿಗೆ ಸಣ್ಣ ತಾಟೆಯ ಸಾರು ಕೊಟ್ಟರೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಕರಾವಳಿಯಲ್ಲಿ ಇರುವುದರಿಂದ ಈ ಬುಟ್ಟಿಗೆ ಗಿರಾಕಿ ಸದಾ ಇರುತ್ತಾರೆ. ಅದರಲ್ಲಿ ಬೆಳೆದೂ ಚಿಕ್ಕದಾಗಿಯೇ ಉಳಿಯುವ ಜಾತಿಗಳೂ ಇರುತ್ತವೆ, ದೊಡ್ಡ ಜಾತಿಗಳ ಮರಿಗಳೂ ಇರುತ್ತವೆ. ನೋಡಬೇಕಾದದ್ದು ಬೆನ್ನಿನ ಎರಡನೆಯ ರೆಕ್ಕೆ, ಬಾಲದ ಹತ್ತಿರ ಇರುವ ಚಿಕ್ಕದು. ಅದರ ನೇರ ಕೆಳಗೆ ಗುದದ ರೆಕ್ಕೆ ಇರುತ್ತದೆ. ಬೆನ್ನಿನದು ಗುದದ ರೆಕ್ಕೆಗಿಂತ ಬಹಳ ಹಿಂದೆ ಶುರುವಾಗಿದ್ದರೆ ಅದು ಸ್ಪೇಡ್‌ನೋಸ್, ಮಿಲ್ಕ್ ಶಾರ್ಕ್ ಅಥವಾ ಸ್ಲಿಟ್‌ಐ ಶಾರ್ಕ್, ಮೂರೂ ಚಿಕ್ಕ ಜಾತಿಗಳು. ಎರಡೂ ಹೆಚ್ಚು ಕಡಿಮೆ ಎದುರುಬದುರಾಗಿ ಶುರುವಾಗಿದ್ದರೆ ಅದು ಕಾರ್ಕರೈನಸ್ ಕುಲದ ಮರಿಯಿರಬಹುದು, ಆಗ ಜಾಗ್ರತೆ. ಚಿಕ್ಕ ಜಾತಿಗಳೊಳಗೆ ಬೇರೆ ಮಾಡಲು ಮೂತಿಗೆ ಬನ್ನಿ. ಸ್ಪೇಡ್‌ನೋಸಿನದು ಚಪ್ಪಟೆ. ಸ್ಲಿಟ್‌ಐಯ ಕಣ್ಣಿನ ಹಿಂತುದಿಯಲ್ಲಿ ಸಣ್ಣದೊಂದು ಕಚ್ಚು ಇರುತ್ತದೆ. ಮಿಲ್ಕ್ ಶಾರ್ಕಿನ ಬಾಯಿಯ ಮೂಲೆಯಿಂದ ಮೇಲಕ್ಕೆ ಉದ್ದನೆಯ ಗೆರೆಯೊಂದು ಹೋಗಿರುತ್ತದೆ, ಅಲ್ಲೇ ಕೆನ್ನೆಯ ಮೇಲೆ ಸೂಜಿ ಚುಚ್ಚಿದಂಥ ರಂಧ್ರಗಳ ಸಾಲು. ಅದರ ತಮ್ಮನಂತಿರುವ ಗ್ರೇ ಶಾರ್ಪ್‌ನೋಸಿನಲ್ಲಿ ಆ ಗೆರೆ ಮೋಟು, ರಂಧ್ರಗಳೂ ಕೆಲವೇ.

ಕಾರ್ಕರೈನಸ್ ಕುಲದ್ದು ಎಂದಾದ ಮೇಲೆ ಇನ್ನೂ ಸೂಕ್ಷ್ಮ. ಬೆನ್ನಿನ ಎರಡು ರೆಕ್ಕೆಗಳ ನಡುವೆ ಬೆರಳಾಡಿಸಿದರೆ ಚರ್ಮದ ಒಂದು ಏಣು ಸಿಗುತ್ತದೆಯೇ? ಸಿಲ್ಕಿ ಶಾರ್ಕಿನಲ್ಲಿ, ಸ್ಪಾಟ್‌ಟೇಲಿನಲ್ಲಿ ಸಿಗುತ್ತದೆ. ಬ್ಲ್ಯಾಕ್‌ಟಿಪ್ಪಿನಲ್ಲಿ, ಸ್ಪಿನ್ನರಿನಲ್ಲಿ ಸಿಗುವುದಿಲ್ಲ. ಬ್ಲ್ಯಾಕ್‌ಟಿಪ್ಪಿಗೂ ಸ್ಪಿನ್ನರಿಗೂ ರೆಕ್ಕೆಯ ತುದಿ ಕಪ್ಪೇ, ಆದರೆ ಬೆಳೆದ ಸ್ಪಿನ್ನರಿನ ಗುದದ ರೆಕ್ಕೆಯೂ ಕಪ್ಪು, ಬ್ಲ್ಯಾಕ್‌ಟಿಪ್ಪಿನದು ಸಾಮಾನ್ಯವಾಗಿ ಬಿಳಿ. ಮರಿ ಸ್ಪಿನ್ನರಿಗೆ ಆ ಕಪ್ಪು ಇನ್ನೂ ಬಂದಿರುವುದಿಲ್ಲ. ಹಾಗಾದಾಗ ಮೂತಿಯ ಉದ್ದ, ಹಲ್ಲಿನ ಆಕಾರ, ಬೆನ್ನಿನ ಮೊದಲ ರೆಕ್ಕೆ ಎದೆರೆಕ್ಕೆಯ ಎಷ್ಟು ಹಿಂದೆ ಶುರುವಾಗುತ್ತದೆ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು. ಇಷ್ಟೆಲ್ಲವನ್ನೂ ಏಲಂ ಮುಗಿಯುವ ಮೊದಲು, ಐಸ್ ನೀರು ಹರಿಯುವ ನೆಲದ ಮೇಲೆ, ಯಾರ ವ್ಯಾಪಾರಕ್ಕೂ ಅಡ್ಡ ಬಾರದಂತೆ ಮಾಡಬೇಕು. ಆ ಕೆಲಸಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ ಎಂದು ನನಗೆ ಅನಿಸುತ್ತದೆ.

ಹ್ಯಾಮರ್‌ಹೆಡ್‌ಗಳನ್ನು ತಲೆಯ ಮುಂದಿನ ಅಂಚು ನೋಡಿ ಹೇಳಬಹುದು. ಅಂಚು ಬಾಗಿದ್ದು ನಟ್ಟನಡುವೆ ಕಚ್ಚು ಇದ್ದರೆ ಸ್ಕ್ಯಾಲಪ್ಡ್. ಬಾಗಿದ್ದರೂ ನಡುವೆ ಕಚ್ಚಿಲ್ಲದಿದ್ದರೆ ಸ್ಮೂತ್. ಅಂಚು ನೇರವಾಗಿದ್ದು ಬೆನ್ನಿನ ರೆಕ್ಕೆ ಕುಡುಗೋಲಿನಂತೆ ಎತ್ತರವಾಗಿದ್ದರೆ ಗ್ರೇಟ್ ಹ್ಯಾಮರ್‌ಹೆಡ್. ವೆಜ್‌ಫಿಶ್‌ಗೂ ಗಿಟಾರ್‌ಫಿಶ್‌ಗೂ ಇರುವ ವ್ಯತ್ಯಾಸ ಬೆನ್ನಿನ ಮೊದಲ ರೆಕ್ಕೆಯಲ್ಲಿ: ವೆಜ್‌ಫಿಶ್‌ನಲ್ಲಿ ಅದು ಹೊಟ್ಟೆಯ ರೆಕ್ಕೆಗಳ ಮೇಲೆಯೇ ಇರುತ್ತದೆ, ಬಾಲಕ್ಕೂ ಕೆಳಗೊಂದು ಹಾಲೆ ಇರುತ್ತದೆ, ಗಿಟಾರ್‌ಫಿಶ್‌ನಲ್ಲಿ ರೆಕ್ಕೆ ಬಹಳ ಹಿಂದೆ, ಬಾಲಕ್ಕೆ ಕೆಳಹಾಲೆಯಿಲ್ಲ. ಗರಗಸ ಮೀನು ಈಗ ಸಿಗುವುದೇ ಅಪರೂಪ. ಹಳೆಯ ಗರಗಸವೊಂದು ಯಾರದೋ ಮನೆಯಲ್ಲಿ ಸಿಕ್ಕರೂ ಅದರ ಹಲ್ಲು ಎಣಿಸಿ ಪ್ರಭೇದ ಹೇಳಬಹುದು. ತಲೆಯ ಕಡೆಯ ಭಾಗದಲ್ಲಿ ಹಲ್ಲೇ ಇಲ್ಲದಿದ್ದರೆ ಅದು ಅನಾಕ್ಸಿಪ್ರಿಸ್ಟಿಸ್.

ತೊರಕೆಗಳದು ಬೇರೆಯೇ ತಲೆನೋವು. ಚಿರತೆಯ ಚುಕ್ಕೆಯಂಥ ಮೈಯಿರುವ ಹಿಮಾಂಟುರಾ ಜಾತಿಗಳಲ್ಲಿ ಮರಿಯಾಗಿದ್ದಾಗಿನ ಚುಕ್ಕೆ ಬೆಳೆದ ಮೇಲೆ ಜಾಲರಿಯಾಗುತ್ತದೆ, ಉಂಗುರವಾಗುತ್ತದೆ. ಮರಿಯನ್ನೂ ತಾಯಿಯನ್ನೂ ಬೇರೆ ಜಾತಿ ಎಂದುಕೊಳ್ಳುವುದು, ಬೇರೆ ಜಾತಿಗಳನ್ನು ಒಂದೇ ಎಂದುಕೊಳ್ಳುವುದು ಎರಡೂ ಆಗಿದೆ. ನೀಲಿ ಚುಕ್ಕೆಯ ಪುಟ್ಟ ತೊರಕೆಯನ್ನು ಬಹುಕಾಲ ನಿಯೋಟ್ರೈಗಾನ್ ಕುಲೈ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು. ಅದು ಹಲವು ಪ್ರಭೇದಗಳ ಗುಂಪು ಎಂದು ತಿಳಿದ ಮೇಲೆ, ಭಾರತದ ನೀರಿನದೊಂದಕ್ಕೆ 2018ರಲ್ಲಿ ನಿಯೋಟ್ರೈಗಾನ್ ಇಂಡಿಕಾ ಎಂದು ಹೆಸರಿಟ್ಟರು. ಇದರ ಜೊತೆಗೆ ಇನ್ನೊಂದು ತೊಡಕು: ತೊರಕೆಯ ಬಾಲದ ಮುಳ್ಳಿನಲ್ಲಿ ವಿಷ ಇರುವುದರಿಂದ ಬೋಟಿನಲ್ಲಿರುವವರು ಎಷ್ಟೋ ಸಲ ಕಡಲಲ್ಲೇ ಬಾಲ ಕತ್ತರಿಸಿ ಎಸೆಯುತ್ತಾರೆ. ಅವರ ಕೈಕಾಲು ಮುಖ್ಯ, ಅದನ್ನು ತಪ್ಪೆನ್ನಲಾಗದು. ಆದರೆ ಬಾಲದ ಉದ್ದ, ಅದರ ಮೇಲಿನ ಪಟ್ಟೆ, ಅಡಿಯ ಚರ್ಮದ ಮಡಿಕೆ ಇವೆಲ್ಲ ಗುರುತಿನ ಅರ್ಧಪಾಲು. ಬಂದರಿಗೆ ಬರುವುದು ಉಳಿದರ್ಧ.

ತಲೆ, ರೆಕ್ಕೆ ಎಲ್ಲ ಹೋಗಿ ಬರೀ ಮಾಂಸದ ತುಂಡೋ ಒಣಗಿದ ರೆಕ್ಕೆಯೋ ಇದ್ದರೆ ಡಿಎನ್‌ಎ ನೋಡುತ್ತಾರೆ. ಮೈಟೊಕಾಂಡ್ರಿಯಾದಲ್ಲಿರುವ ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳನ್ನು ಓದಿ, ಗೊತ್ತಿರುವ ಮೀನುಗಳ ಭಂಡಾರದ ಜೊತೆ ಹೋಲಿಸುವ ವಿಧಾನ ಅದು. ಭಂಡಾರದಲ್ಲಿರುವ ಮೂಲ ಮೀನನ್ನೇ ಯಾರಾದರೂ ತಪ್ಪಾಗಿ ಗುರುತಿಸಿಟ್ಟಿದ್ದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ. ಹಾಗಾಗಿ ಬಂದರಿನ ಕಣ್ಣಿಗೆ ಡಿಎನ್‌ಎ ಬದಲಿಯಾಗಲಾರದು. ಹಾಂಗ್‌ಕಾಂಗಿನ ರೆಕ್ಕೆ ಮಾರುಕಟ್ಟೆಯಲ್ಲಿ ಶೆಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಡಿಎನ್‌ಎ ಪರೀಕ್ಷೆ ಮಾಡಿ ನೋಡಿದಾಗ ಕಂಡದ್ದು ನನಗೆ ಬಹಳ ಹಿಡಿಸಿತು. ಅಲ್ಲಿನ ವ್ಯಾಪಾರಿಗಳು ಒಣ ರೆಕ್ಕೆಗಳನ್ನು ತಮ್ಮದೇ ಹೆಸರುಗಳಲ್ಲಿ ವಿಂಗಡಿಸಿ ಇಡುತ್ತಿದ್ದರು, ಆ ವಿಂಗಡಣೆ ಬಹುಪಾಲು ಡಿಎನ್‌ಎ ಹೇಳಿದ್ದಕ್ಕೇ ಹೊಂದಿತು. ಆ ಆಧಾರದ ಮೇಲೆ ಹರಾಜಿನ ದಾಖಲೆಗಳನ್ನು ಓದಿ, ರೆಕ್ಕೆಗಾಗಿ ವರ್ಷಕ್ಕೆ 2.6 ಕೋಟಿಯಿಂದ 7.3 ಕೋಟಿ ಶಾರ್ಕ್ ಸಾಯುತ್ತವೆ ಎಂದು 2006ರಲ್ಲಿ ಅಂದಾಜು ಕೊಟ್ಟರು. ದಿನವೂ ಕೈಯಲ್ಲಿ ಹಿಡಿಯುವವರ ಕಣ್ಣು ಎಷ್ಟು ಸೂಕ್ಷ್ಮ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ದಕ್ಕೆಯ ಹಿರಿಯರಿಗೂ ಆ ಕಣ್ಣಿದೆ. ಅವರು ಹೇಳುವ ಗುರುತುಗಳನ್ನು ಕೇಳಿ ಬರೆದುಕೊಳ್ಳದ ಅಧ್ಯಯನ ಅರ್ಧ ಕುರುಡು ಎಂಬುದು ನನ್ನ ಅಭಿಪ್ರಾಯ.

ಭಾರತ 2013ರಲ್ಲಿ ರೆಕ್ಕೆಯನ್ನು ಮೈಯಿಂದ ಬೇರ್ಪಡಿಸದೆಯೇ ಶಾರ್ಕನ್ನು ದಡಕ್ಕೆ ತರಬೇಕು ಎಂಬ ನೀತಿ ತಂದಿತು, 2015ರಲ್ಲಿ ರೆಕ್ಕೆಗಳ ರಫ್ತನ್ನು ನಿಲ್ಲಿಸಿತು. ಮೊದಲನೆಯದು ಕ್ರೌರ್ಯ ತಡೆಯಲು ಬಂದದ್ದಾದರೂ ಗುರುತಿಸುವವರಿಗೆ ದೊಡ್ಡ ಉಪಕಾರ ಮಾಡಿತು. ಮೀನು ಇಡಿಯಾಗಿ ಬಂದರೆ ತಾನೇ ಹೆಸರು ಹೇಳಲು ಸಾಧ್ಯ?

ಹೆಸರು, ಉದ್ದ, ಗಂಡೋ ಹೆಣ್ಣೋ, ಎಲ್ಲಿ ಯಾವ ಬಲೆಗೆ ಬಿತ್ತು — ಇಷ್ಟು ವರ್ಷಾನುಗಟ್ಟಲೆ ಸೇರಿದಾಗ ಅದು ನಿರ್ವಹಣೆಗೆ ಒದಗುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ, ಮಂಗಳೂರಿನಲ್ಲೂ ಶಾಖೆ ಇರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳಿಂದ ಬಂದರು ಬಂದರಿಗೆ ಜನರನ್ನು ಕಳಿಸಿ ಈ ಲೆಕ್ಕ ಇಡುತ್ತಿದೆ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಸ್ವಯಂಸೇವಾ ಸಂಸ್ಥೆಗಳೂ ಕೈಜೋಡಿಸಿವೆ. ಹೊಕ್ಕುಳ ಗಾಯ ಮಾಯದ ಹ್ಯಾಮರ್‌ಹೆಡ್ ಮರಿಗಳು ಒಂದೇ ಜಾಗದಿಂದ, ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲೇ ಹತ್ತಿರದಲ್ಲಿ ಅವು ಹೆರುವ ನೆಲೆ ಇದೆ ಎಂದರ್ಥ. ಆಗ ಇಡೀ ಕಡಲನ್ನು ಮುಚ್ಚಬೇಕಿಲ್ಲ, ಆ ತುಣುಕನ್ನು ಆ ಕೆಲವು ವಾರ ಬಿಟ್ಟರೆ ಸಾಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಇರುವ ಮಳೆಗಾಲದ ನಿಷೇಧ ಯಾವ ಪ್ರಭೇದದ ಹೆರಿಗೆ ಕಾಲಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂಬುದೂ ಇದರಿಂದಲೇ ತಿಳಿಯಬೇಕು. ಗಿಟಾರ್‌ಫಿಶ್‌ನಂಥವು ಬಲೆಯಲ್ಲಿ ಬಂದಾಗ ಎಷ್ಟೋ ಸಲ ಜೀವಂತ ಇರುತ್ತವೆ. ಡೆಕ್ಕಿನ ಮೇಲೆಯೇ ಗುರುತು ಹಿಡಿದರೆ ಕೂಡಲೇ ನೀರಿಗೆ ಬಿಡಬಹುದು.

ಗುಜರಾತಿನ ವೆರಾವಲ್ ಕಡೆ ತಿಮಿಂಗಿಲ ಶಾರ್ಕಿನ ವಿಷಯದಲ್ಲಿ ಇದು ಸಾಧ್ಯವಾಗಿದೆ. ಒಂದು ಕಾಲಕ್ಕೆ ಅದನ್ನು ಎಣ್ಣೆ, ಮಾಂಸಕ್ಕಾಗಿ ನೂರುಗಟ್ಟಲೆ ಕೊಲ್ಲುತ್ತಿದ್ದ ಮೀನುಗಾರರೇ 2004ರಲ್ಲಿ ಶುರುವಾದ ಅಭಿಯಾನದ ನಂತರ, ತಮ್ಮ ಬಲೆ ಕತ್ತರಿಸಿ ಅದನ್ನು ಬಿಡತೊಡಗಿದರು. ಹರಿದ ಬಲೆಗೆ ಸರ್ಕಾರ ಪರಿಹಾರ ಕೊಟ್ಟಿತು. ಧರ್ಮಪ್ರವಚನಕಾರ ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳೆಂದು ಕರೆದದ್ದು ಜನರ ಮನಸ್ಸು ಮುಟ್ಟಿತು. ಆದರೆ ಆ ಯಶಸ್ಸಿಗೆ ಇನ್ನೊಂದು ಕಾರಣವೂ ಇತ್ತೆಂದು ನನಗನಿಸುತ್ತದೆ. ಬೋಟಿನಷ್ಟು ದೊಡ್ಡದಾದ, ಮೈತುಂಬ ಬಿಳಿ ಚುಕ್ಕೆಯ ಆ ಮೀನನ್ನು ಬೇರೆ ಯಾವುದೋ ಎಂದುಕೊಳ್ಳಲು ಸಾಧ್ಯವೇ ಇಲ್ಲ. ಬುಟ್ಟಿಯ ತಳದಲ್ಲಿರುವ ಬೂದು ಮರಿಗೆ ಆ ಅನುಕೂಲವಿಲ್ಲ. 2021ರ ಜಾಗತಿಕ ಪರಿಶೀಲನೆಯಲ್ಲಿ ಶಾರ್ಕ್, ತೊರಕೆ ಬಳಗದ 1,199 ಪ್ರಭೇದಗಳ ಪೈಕಿ 391 ಅಳಿವಿನ ಭೀತಿಯಲ್ಲಿವೆ ಎಂದು ಕಂಡುಬಂತು. ಅವುಗಳಲ್ಲಿ ಹೆಚ್ಚಿನವು ತಿಮಿಂಗಿಲ ಶಾರ್ಕಿನಂತೆ ದೂರದಿಂದಲೇ ಗುರುತು ಸಿಗುವಂಥವಲ್ಲ.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕೆನಿಸಿದ್ದು. ಮುಂದಿನ ಸಲ ಬಂದರಿಗೆ ಹೋದಾಗ ಗುರುತು ತಿಳಿಯದ ತಾಟೆಯೋ ತೊರಕೆಯೋ ಕಂಡರೆ, ಮೀನಿನವರ ಅನುಮತಿ ಕೇಳಿ ಫೋಟೋ ತೆಗೆಯಿರಿ. ಬರೀ ಮುಖದ ಫೋಟೋ ಉಪಯೋಗಕ್ಕೆ ಬಾರದು. ಇಡೀ ಮೀನು ಪಕ್ಕದಿಂದ ಒಂದು, ಮೇಲಿನಿಂದ ಒಂದು, ಮಗುಚಿ ತಲೆಯ ಅಡಿಭಾಗ ಒಂದು, ಬೆನ್ನಿನ ಎರಡನೆಯ ರೆಕ್ಕೆಯೂ ಗುದದ ರೆಕ್ಕೆಯೂ ಒಟ್ಟಿಗೆ ಕಾಣುವಂತೆ ಒಂದು. ಅಳತೆ ತಿಳಿಯಲು ಪಕ್ಕದಲ್ಲಿ ಪೆನ್ನೋ ಸ್ಕೇಲೋ ಇಡಿ. ಬಂದರಿನ ಹೆಸರು, ದಿನಾಂಕ, ಯಾವ ಬಗೆಯ ಬೋಟಿನಲ್ಲಿ ಬಂತು ಎಂಬುದನ್ನು ಅಲ್ಲೇ ಬರೆದುಕೊಂಡು ಮೀನುಗಾರಿಕಾ ಕಾಲೇಜಿಗೋ ಸಂಶೋಧನಾ ಕೇಂದ್ರಕ್ಕೋ ಕಳಿಸಿ. ತೊರಕೆಯಾದರೆ ಸತ್ತಿದೆ ಎಂದುಕೊಂಡು ಬಾಲಕ್ಕೆ ಕೈ ಹಾಕಬೇಡಿ. ಸತ್ತ ಮೇಲೂ ಆ ಮುಳ್ಳು ಚುಚ್ಚಿದರೆ ವಿಷ ಏರುತ್ತದೆ. ಮಗುಚುವ ಕೆಲಸವನ್ನು ಅಲ್ಲಿನವರಿಗೇ ಬಿಡಿ, ಜೊತೆಗೆ ಆ ಮೀನಿನ ಬಗ್ಗೆ ಅವರು ಏನು ಹೇಳುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.